ಮನೆಗೆ ಒಂದೇ ಕಂಪ್ಯೂಟರ್, ಇಮೇಲ್ ಖಾತೆ ಏಳು: ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ನಗರ ಹೋಬಳಿ ಮನೆ · ಜುಲೈ 8, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನ ನಗರದ ಹತ್ತಿರ ನಮ್ಮ ಮನೆ. ಅಡಿಕೆ ತೋಟ, ಜೊತೆಗೆ ಮೂರು ಕೋಣೆಯ ಹೋಂಸ್ಟೇ. ಕಂಪ್ಯೂಟರ್ ಅಂತ ಇರೋದು ಒಂದೇ, ಜಗಲಿಯ ಮೂಲೆಯಲ್ಲಿ. ಅದರಲ್ಲಿ ನೋಡಬೇಕಾದ ಇಮೇಲ್ ಖಾತೆಗಳು ಮಾತ್ರ ಏಳು: ನನ್ನ ಸ್ವಂತದ್ದು, ಹೋಂಸ್ಟೇದು, ನಾನು ಕಾರ್ಯದರ್ಶಿಯಾಗಿರೋ ಮಹಿಳಾ ಸಂಘದ್ದು, ನಮ್ಮ ಯಜಮಾನರದ್ದು, ಅವರ ವ್ಯಾಪಾರದ ಜಿಎಸ್‌ಟಿಗೆ ಕೊಟ್ಟಿರೋದು, ಮಗನದ್ದು, ಮಾವನವರದ್ದು.

ಇಷ್ಟು ದಿನ ಬ್ರೌಸರ್‌ನಲ್ಲಿ ಒಂದರಿಂದ ಲಾಗೌಟ್ ಆಗಿ ಇನ್ನೊಂದಕ್ಕೆ ಲಾಗಿನ್ ಆಗ್ತಾ ಇದ್ವಿ. ಆಮೇಲೆ ಮಗ ಎಲ್ಲವನ್ನೂ ಒಟ್ಟಿಗೇ ತೆರೆದಿಡೋದು ಕಲಿಸಿದ. ಅಲ್ಲಿಂದ ಗೊಂದಲ ಶುರುವಾಯ್ತು. ಹೋಂಸ್ಟೇ ಕೋಣೆ ಕೇಳಿದ ಬೆಂಗಳೂರಿನ ಕುಟುಂಬಕ್ಕೆ ಮಹಿಳಾ ಸಂಘದ ವಿಳಾಸದಿಂದ ಉತ್ತರ ಹೋಯ್ತು. ಅವರು ಯಾರೋ ಮೋಸದವರು ಅಂದುಕೊಂಡು ಬರಲೇ ಇಲ್ಲ. ಕಳೆದ ತಿಂಗಳು ಮಗ ಒಂದು ಕಾಲೇಜಿನ ಗೂಗಲ್ ಫಾರ್ಮ್ ತುಂಬಿ ಕಳಿಸಿದ, ಅದು ಅವನ ಅಪ್ಪನ ಖಾತೆಯಿಂದ ಹೋಗಿತ್ತು. ಮುಂದಿನ ಸೂಚನೆ ಎಲ್ಲ ಅಪ್ಪನ ಇನ್‌ಬಾಕ್ಸಿಗೆ ಬಂತು. ಅವರು ವಾರಕ್ಕೊಂದು ಸಲವೂ ಮೇಲ್ ತೆಗೆಯುವವರಲ್ಲ. ಕೊನೆಯ ದಿನಾಂಕಕ್ಕೆ ಎರಡು ದಿನ ಇದ್ದಾಗ ಗೊತ್ತಾಗಿದ್ದು ಪುಣ್ಯ.

ಇದೆಲ್ಲದಕ್ಕಿಂತ ನನಗೆ ಹೊಟ್ಟೆ ಕಲಕಿದ್ದು ಮಾವನವರ ವಿಷಯ. ಅವರು ನಿವೃತ್ತ ಮೇಷ್ಟ್ರು. ಊರೂರಿಗೆ ಹೋಗಿ ನೆಲೆಸಿದ ಶಿಷ್ಯರ ಜೊತೆ 2009ರಿಂದ ಮೇಲ್‌ನಲ್ಲೇ ಪತ್ರ ವ್ಯವಹಾರ. ಬೇರೆಯವರಿಗೆ ವಾಟ್ಸಾಪ್ ಹೇಗೋ ಅವರಿಗೆ ಅದು ಹಾಗೆ. ಈ ವರ್ಷ ಕೃತ್ತಿಕೆ ಮಳೆಯ ಸಿಡಿಲಿಗೆ ಮೋಡೆಮ್, ಕಂಪ್ಯೂಟರ್ ಎರಡೂ ಸುಟ್ಟವು. ಹೊಸ ಕಂಪ್ಯೂಟರ್ ತಂದು ಅವರ ಖಾತೆ ತೆರೆದರೆ ಕೊನೆಯ ಎರಡು ವಾರದ ಮೇಲ್ ಬಿಟ್ಟರೆ ಏನೂ ಇಲ್ಲ. ಅವರು ಏನೂ ಅನ್ನಲಿಲ್ಲ. "ಹೋಗ್ಲಿ ಬಿಡು" ಅಂತ ಒಳಗೆ ಹೋದರು. ಆದರೆ ಆಮೇಲೆ ಕಂಪ್ಯೂಟರ್ ಹತ್ತಿರ ಕೂತಿಲ್ಲ.

ಕೇಳಬೇಕಾಗಿರೋದು ಎರಡು. ಅವರ ಮೇಲ್ ಹೋಗಿದ್ದು ಯಾಕೆ, ವಾಪಸ್ ಬರುತ್ತಾ? ಏಳು ಖಾತೆಯನ್ನು ಒಂದೇ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಬೆರೆಯದ ಹಾಗೆ ಇಟ್ಟುಕೊಳ್ಳೋದು ಹೇಗೆ?

ಭದ್ರಾವತಿಯವ · ಜುಲೈ 8, ರಾತ್ರಿ 9.52

ಅಕ್ಕ, ಕಂಪ್ಯೂಟರ್ ಯಾಕೆ? ಎಲ್ಲರ ಹತ್ರನೂ ಫೋನ್ ಇದೆ ಅಲ್ವಾ. ಅವರವರ ಮೇಲ್ ಅವರವರ ಫೋನಲ್ಲಿ. ಜಿಮೇಲ್ ಆ್ಯಪ್‌ನಲ್ಲಿ ಮೇಲ್ಗಡೆ ಬಲಕ್ಕಿರೋ ಫೋಟೋ ಮೇಲೆ ಬೆರಳು ಎಳೆದರೆ ಖಾತೆ ಬದಲಾಗುತ್ತೆ. ಮುಗೀತು.

ನಗರ ಹೋಬಳಿ ಮನೆ · ಜುಲೈ 8, ರಾತ್ರಿ 10.05

ಮಾವನವರಿಗೆ 78. ಫೋನಿನ ಅಕ್ಷರ ಕಾಣೋದಿಲ್ಲ, ಕೀಬೋರ್ಡ್ ಇದ್ದರೆ ಪುಟಗಟ್ಟಲೆ ಟೈಪ್ ಮಾಡ್ತಾರೆ. ಸಂಘದ ಲೆಕ್ಕಪತ್ರ, ಹೋಂಸ್ಟೇ ಬಿಲ್ಲು ಫೋನಲ್ಲಿ ನನ್ನ ಕೈಲಿ ಆಗೋ ಕೆಲಸ ಅಲ್ಲ. ಮನೆ ಒಳಗೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಅಂಗಳದ ಆಚೆ ಗೇಟಿನ ಹತ್ತಿರ ನಿಂತರೆ ಒಂದು ಕಡ್ಡಿ.

ದುರ್ಗಿಗುಡಿ ರಿಪೇರಿ · ಜುಲೈ 8, ರಾತ್ರಿ 10.40

ಮೊದಲು ಮಾವನವರ ವಿಷಯ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ತಡ ಮಾಡಬಾರದು.

ಹಳೇ ಕಂಪ್ಯೂಟರಿನಲ್ಲಿ ಮೇಲ್ ಓದೋಕೆ ಥಂಡರ್‌ಬರ್ಡ್ ಅಥವಾ ಔಟ್‌ಲುಕ್ ಥರದ ಪ್ರೋಗ್ರಾಂ ಇತ್ತಾ? ಇದ್ದಿದ್ದರೆ ಅದು ಪಾಪ್ ವಿಧಾನದಲ್ಲಿತ್ತು ಅಂತ ನೀವು ಹೇಳಿದ "ಎರಡು ವಾರ"ದಿಂದಲೇ ಗೊತ್ತಾಗುತ್ತೆ. ಪಾಪ್ ಅಂದ್ರೆ ಅಂಚೆ ಕಚೇರಿಗೆ ಹೋಗಿ ಟಪಾಲು ಎತ್ತಿಕೊಂಡು ಮನೆಗೆ ತಂದ ಹಾಗೆ. ತಂದ ಮೇಲೆ ಅಂಚೆ ಕಚೇರಿಯಲ್ಲಿ ಏನೂ ಉಳಿಯೋದಿಲ್ಲ. ಥಂಡರ್‌ಬರ್ಡ್‌ನಲ್ಲಿ ಪಾಪ್ ಖಾತೆ ಮಾಡಿದರೆ ಮೇಲನ್ನು ಸರ್ವರಿನಲ್ಲಿ, ಅಂದ್ರೆ ಮೇಲ್ ಕಂಪನಿಯ ಕಂಪ್ಯೂಟರಿನಲ್ಲಿ, 14 ದಿನ ಮಾತ್ರ ಬಿಡುವ ಆಯ್ಕೆ ಮೊದಲೇ ಟಿಕ್ ಆಗಿರುತ್ತೆ. ಯಾರೂ ಆ ಪುಟ ತೆರೆದು ನೋಡೋದಿಲ್ಲ. ಹದಿನೈದನೇ ದಿನಕ್ಕೆ ಸರ್ವರ್ ಪ್ರತಿ ಅಳಿಸಿ ಹೋಗಿ, ಜಗತ್ತಿನಲ್ಲಿ ಆ ಪತ್ರದ ಒಂದೇ ಪ್ರತಿ ಉಳಿಯುತ್ತೆ. ಅದು ನಿಮ್ಮ ಜಗಲಿಯ ಹಾರ್ಡ್ ಡಿಸ್ಕಿನಲ್ಲಿ.

ಐಮ್ಯಾಪ್ ಹಾಗಲ್ಲ. ಅದರಲ್ಲಿ ಮೂಲ ಪ್ರತಿ ಸರ್ವರಿನಲ್ಲೇ ಇರುತ್ತೆ, ಕಂಪ್ಯೂಟರ್ ಅದರ ನಕಲು ಇಟ್ಟುಕೊಳ್ಳುತ್ತೆ. ಇಲ್ಲಿ ಓದಿದ್ದು ಫೋನಲ್ಲೂ ಓದಿದ್ದು ಅಂತ ಕಾಣುತ್ತೆ. ಈಗ ಹೊಸದಾಗಿ ಹಾಕೋವಾಗ ಐಮ್ಯಾಪ್ ಅಂತಲೇ ಆಯ್ಕೆ ಮಾಡಿ, ಪೋರ್ಟ್ 993, ಎಸ್‌ಎಸ್‌ಎಲ್. ಪಾಪ್ ಆದರೆ 995 ಅಂತ ತೋರಿಸುತ್ತೆ. ಆ ನಂಬರ್ ಕಂಡರೆ ನಿಲ್ಲಿಸಿ ವಾಪಸ್ ಬನ್ನಿ.

ಇನ್ನು ಸುಟ್ಟ ಡಿಸ್ಕ್. ಎಲ್ಲಿದೆ ಅದು? ದಯವಿಟ್ಟು ಗುಜರಿಗೆ ಹಾಕಬೇಡಿ. ಸಿಡಿಲಿನಲ್ಲಿ ಎಷ್ಟೋ ಸಲ ಡಿಸ್ಕಿನ ಕೆಳಗಿರೋ ಹಸಿರು ಸರ್ಕ್ಯೂಟ್ ಬೋರ್ಡ್ ಮಾತ್ರ ಸುಟ್ಟಿರುತ್ತೆ. ಒಳಗಿನ ತಟ್ಟೆ ಚೆನ್ನಾಗೇ ಇರುತ್ತೆ. ಆದರೆ ಅದೇ ಮಾದರಿಯ ಇನ್ನೊಂದು ಬೋರ್ಡ್ ತಂದು ಸ್ಕ್ರೂ ಹಾಕಿದರೆ ಕೆಲಸ ಆಗೋದಿಲ್ಲ. ಆ ಡಿಸ್ಕಿಗೇ ಹೊಂದಿಸಿದ ಮಾಹಿತಿ ಹಳೇ ಬೋರ್ಡಿನ ಒಂದು ಪುಟ್ಟ ಚಿಪ್‌ನಲ್ಲಿ ಇರುತ್ತೆ, ಅದನ್ನು ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕಬೇಕು. ಕೈ ಪಳಗಿದವರ ಹತ್ತಿರವೇ ಕೊಡಿ. ಅಲ್ಲಿವರೆಗೆ ಕರೆಂಟ್ ಕೊಟ್ಟು ಪರೀಕ್ಷೆ ಮಾಡಬೇಡಿ.

ನಗರ ಹೋಬಳಿ ಮನೆ · ಜುಲೈ 8, ರಾತ್ರಿ 10.58

ಅಟ್ಟದ ಮೇಲಿದೆ! ಕಂಪ್ಯೂಟರ್ ಡಬ್ಬಿ ಸಮೇತ. ಥಂಡರ್‌ಬರ್ಡೇ ಇದ್ದಿದ್ದು, ಆ ನೀಲಿ ಹಕ್ಕಿ ನೆನಪಿದೆ. ಶನಿವಾರ ಯಜಮಾನರು ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಬರ್ತಾರೆ, ಕಳಿಸಿಕೊಡ್ತೀನಿ.

ಸಾಗರದ ಲೆಕ್ಕ · ಜುಲೈ 9, ಬೆಳಗ್ಗೆ 7.15

ನಾನು ತೆರಿಗೆ ಲೆಕ್ಕದ ಕೆಲಸ ಮಾಡುವವನು. ನಿಮ್ಮ ಏಳರಲ್ಲಿ ಜಿಎಸ್‌ಟಿಗೆ ಕೊಟ್ಟ ಖಾತೆಯ ಬಗ್ಗೆ ಒಂದು ಮಾತು.

ಆ ಖಾತೆ ವಾರಕ್ಕೊಂದು ಸಲ ನೋಡಿದರೆ ಸಾಕು ಅನ್ನುವಂಥದ್ದಲ್ಲ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 169ನೇ ಕಲಂ ಪ್ರಕಾರ, ನೋಂದಣಿಯಲ್ಲಿ ಕೊಟ್ಟ ಇಮೇಲ್ ವಿಳಾಸಕ್ಕೆ ನೋಟಿಸ್ ಕಳಿಸಿದರೂ ಅದು ಜಾರಿಯಾದ ಹಾಗೆಯೇ ಲೆಕ್ಕ. ನೀವು ತೆರೆದು ನೋಡಿದಿರೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಉತ್ತರಿಸುವ ದಿನಗಳು ಓಡುತ್ತಿರುತ್ತವೆ.

ಎಷ್ಟೋ ವ್ಯಾಪಾರಿಗಳು ನೋಂದಣಿ ಮಾಡಿಸುವಾಗ ಯಾರೋ ಮಾಡಿಕೊಟ್ಟ ಇಮೇಲ್, ಯಾರದೋ ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ಆ ಮನುಷ್ಯ ಊರು ಬಿಟ್ಟ ಮೇಲೆ ಒಟಿಪಿ ಎಲ್ಲಿಗೆ ಬರಬೇಕು? ನಿಮ್ಮದು ಯಾವ ವಿಳಾಸದಲ್ಲಿದೆ ಅಂತ ಪೋರ್ಟಲಿನ ಪ್ರೊಫೈಲಿನಲ್ಲಿ ಇವತ್ತೇ ನೋಡಿ. ಇಮೇಲ್, ಮೊಬೈಲ್ ಬದಲಾವಣೆ ನಾನ್-ಕೋರ್ ತಿದ್ದುಪಡಿ, ಅಧಿಕಾರಿಯ ಅನುಮೋದನೆಗೆ ಕಾಯಬೇಕಿಲ್ಲ. ಒಟಿಪಿಯಲ್ಲೇ ಆಗುತ್ತದೆ.

ಶಂಕರಘಟ್ಟ ಹಾಸ್ಟೆಲ್ · ಜುಲೈ 9, ಬೆಳಗ್ಗೆ 8.30

ಮಗನ ಫಾರ್ಮ್ ಅಪ್ಪನ ಖಾತೆಯಿಂದ ಹೋದ ಕಾರಣ ನನಗೆ ಗೊತ್ತು. ಒಂದೇ ಬ್ರೌಸರಿನಲ್ಲಿ ನಾಲ್ಕಾರು ಗೂಗಲ್ ಖಾತೆ ತೆರೆದಿಟ್ಟರೆ ಎಲ್ಲಕ್ಕಿಂತ ಮೊದಲು ಯಾವುದಕ್ಕೆ ಲಾಗಿನ್ ಆಗಿದ್ದೀರೋ ಅದು ಡಿಫಾಲ್ಟ್ ಖಾತೆ. ಜಿಮೇಲ್ ತೆರೆದಾಗ ವಿಳಾಸದ ಪಟ್ಟಿಯಲ್ಲಿ ಸೊನ್ನೆ, ಒಂದು, ಎರಡು ಅಂತ ಸಂಖ್ಯೆ ಬರುತ್ತಲ್ಲ, ಅದೇ ಲಾಗಿನ್ ಆದ ಕ್ರಮ. ಹೊರಗಿನಿಂದ ಬಂದ ಲಿಂಕ್ ಒತ್ತಿದರೆ ಅದು ಸಾಮಾನ್ಯವಾಗಿ ಸೊನ್ನೆಯ ಖಾತೆಯಲ್ಲೇ ತೆರೆದುಕೊಳ್ಳುತ್ತದೆ. ನಿಮ್ಮಲ್ಲಿ ಬೆಳಗ್ಗೆ ಅಪ್ಪ ಮೊದಲು ಲಾಗಿನ್ ಆಗಿರಬೇಕು.

ಇದಕ್ಕೆ ದಾರಿ ಬ್ರೌಸರ್ ಪ್ರೊಫೈಲ್. ಕ್ರೋಮ್‌ನಲ್ಲಿ ಬಲಮೇಲಿನ ಚಿತ್ರ ಒತ್ತಿ ಹೊಸ ಪ್ರೊಫೈಲ್ ಸೇರಿಸಿ, ಪ್ರತಿಯೊಂದಕ್ಕೂ ಬೇರೆ ಬಣ್ಣ ಕೊಡಿ. ಒಂದರ ಕುಕ್ಕಿ (ಲಾಗಿನ್ ನೆನಪಿಡುವ ಪುಟ್ಟ ಫೈಲು), ಪಾಸ್‌ವರ್ಡ್, ಇತಿಹಾಸ ಇನ್ನೊಂದಕ್ಕೆ ಬೆರೆಯುವುದಿಲ್ಲ. ನಾನು ಫೈರ್‌ಫಾಕ್ಸ್ ಬಳಸುತ್ತೇನೆ. ಅದರಲ್ಲಿ ಮಲ್ಟಿ-ಅಕೌಂಟ್ ಕಂಟೇನರ್ಸ್ ಅನ್ನುವ ಆಡ್‌ಆನ್ ಇದೆ. ಒಂದೇ ಕಿಟಕಿಯಲ್ಲಿ ಹಸಿರು ಟ್ಯಾಬ್ ವಿಶ್ವವಿದ್ಯಾಲಯದ ಮೇಲ್, ಕಿತ್ತಳೆ ಟ್ಯಾಬ್ ಸ್ವಂತದ್ದು. ಪಿಎಚ್‌ಡಿ ಮಾರ್ಗದರ್ಶಕರಿಗೆ ಹೋಗುವ ಪತ್ರ ಸ್ವಂತ ವಿಳಾಸದಿಂದ ಹೋದರೆ ಕಡತಕ್ಕೆ ಸೇರುವುದಿಲ್ಲ, ಹಾಗಾಗಿ ನನಗೆ ಈ ಬಣ್ಣಗಳು ಬೇಕೇ ಬೇಕು.

ದುರ್ಗಿಗುಡಿ ರಿಪೇರಿ · ಜುಲೈ 9, ಬೆಳಗ್ಗೆ 9.10

ಪ್ರೊಫೈಲ್ ಒಳ್ಳೇದೇ. ಆದರೆ ಇವರಿಗೆ ಅದೊಂದೇ ಸಾಲದು. ಕ್ರೋಮ್ ಪ್ರೊಫೈಲಿಗೆ ಬೀಗ ಇಲ್ಲ. ಒಂದೇ ವಿಂಡೋಸ್ ಲಾಗಿನ್‌ನಲ್ಲಿ ಕೂತವರು ಯಾರು ಬೇಕಾದರೂ ಯಾವ ಪ್ರೊಫೈಲ್ ಬೇಕಾದರೂ ತೆರೆಯಬಹುದು. ಹೋಂಸ್ಟೇ ಅಂದಮೇಲೆ ಬಂದ ಅತಿಥಿಗಳು "ಒಂದು ಟಿಕೆಟ್ ಪ್ರಿಂಟ್ ತಗೋಬಹುದಾ" ಅಂತ ಕೇಳೇ ಕೇಳ್ತಾರೆ.

ಶಂಕರಘಟ್ಟ ಹಾಸ್ಟೆಲ್ · ಜುಲೈ 9, ಬೆಳಗ್ಗೆ 9.31

ಒಪ್ಪಿದೆ. ಹಾಗಾದರೆ ಪ್ರಶ್ನೆಯನ್ನೇ ಎರಡಾಗಿ ಸೀಳಬೇಕು ಅನ್ನಿಸುತ್ತದೆ. ಒಬ್ಬರೇ ಮನುಷ್ಯರ ಹಲವು ಖಾತೆಗಳು ಬೇರೆ, ಹಲವು ಮನುಷ್ಯರ ಖಾತೆಗಳು ಬೇರೆ. ಅಕ್ಕನ ಸ್ವಂತ, ಹೋಂಸ್ಟೇ, ಸಂಘ, ಈ ಮೂರೂ ಒಬ್ಬರವೇ. ಅವನ್ನು ಒಂದೇ ಕಡೆ ಸೇರಿಸಿ ನೋಡುವುದರಲ್ಲಿ ತಪ್ಪಿಲ್ಲ, ಅನುಕೂಲವೇ. ಆದರೆ ಮಾವನವರ ಪತ್ರ, ಮಗನ ಪತ್ರ ಅಕ್ಕನ ಕಿಟಕಿಯಲ್ಲಿ ಯಾಕೆ ಬರಬೇಕು?

ನಗರ ಹೋಬಳಿ ಮನೆ · ಜುಲೈ 9, ಮಧ್ಯಾಹ್ನ 2.20

ಈ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯಲ್ಲಿ ಎಲ್ಲರ ಪಾಸ್‌ವರ್ಡೂ ನನ್ನ ಹತ್ತಿರ, ಒಂದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ. ಅದು ಸಹಾಯ ಅಂದುಕೊಂಡಿದ್ದೆ. ಮಾವನವರಿಗೆ ಬಂದ ಪತ್ರ ಎಷ್ಟೋ ಸಲ ನಾನೇ ಮೊದಲು ತೆರೆದಿದ್ದೀನಿ. ಕಾಗದದ ಲಕೋಟೆ ಆಗಿದ್ದರೆ ಒಡೆಯುತ್ತಿರಲಿಲ್ಲ.

ರಿಪ್ಪನ್‌ಪೇಟೆ ಸೇವಾ ಕೇಂದ್ರ · ಜುಲೈ 9, ಸಂಜೆ 6.45

ಸೇವಾ ಕೇಂದ್ರ ನಡೆಸೋನಾಗಿ ಇದನ್ನ ಹೇಳಲೇಬೇಕು. ಅರ್ಜಿ ಹಾಕೋಕೆ ಬರೋ ರೈತರಿಗೆ ಇಮೇಲ್ ಇರಲ್ಲ. ಫಾರಂನಲ್ಲಿ ಇಮೇಲ್ ಕಡ್ಡಾಯ. ಹಿಂದೆ ಎಷ್ಟೋ ಕಡೆ ಕೇಂದ್ರದವರೇ ಒಂದು ಖಾತೆ ಮಾಡಿ, ತಮ್ಮದೇ ಫೋನ್ ನಂಬರ್ ರಿಕವರಿಗೆ ಹಾಕಿ ಕೆಲಸ ಮುಗಿಸ್ತಿದ್ರು. ನಾನೂ ಶುರುವಿನಲ್ಲಿ ಹಾಗೆ ಮಾಡಿದ್ದೀನಿ. ಆಮೇಲೆ ಒಬ್ಬ ಅಜ್ಜಿಯ ಮಗಳು ದೂರದಿಂದ ಬಂದು "ನಮ್ಮಮ್ಮನ ಖಾತೆ ಅಮ್ಮನದೋ ನಿಮ್ಮದೋ" ಅಂತ ಕೇಳಿದ್ರು. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ರಿಕವರಿ ನಂಬರ್ ಅವರದ್ದೇ ಅಥವಾ ಅವರ ಮಕ್ಕಳದ್ದು. ಪಾಸ್‌ವರ್ಡ್ ಅವರೇ ಹೇಳಬೇಕು, ಅವರ ಪುಸ್ತಕದಲ್ಲೇ ಬರೆದುಕೊಡ್ತೀನಿ. ಕೆಲಸ ಆದಮೇಲೆ ಕಂಪ್ಯೂಟರಿಂದ ಖಾತೆ ತೆಗೆದುಹಾಕ್ತೀನಿ, ಬರೀ ಲಾಗೌಟ್ ಅಲ್ಲ. ಹಾಗೇ ಇನ್ನೊಂದು: ಗೂಗಲ್ ಖಾತೆಯನ್ನ ಎರಡು ವರ್ಷ ಮುಟ್ಟದೇ ಬಿಟ್ರೆ ಅಳಿಸೋ ನಿಯಮ 2023ರ ಡಿಸೆಂಬರಿಂದ ಇದೆ. ಒಂದು ಅರ್ಜಿಗೆ ಅಂತ ಮಾಡಿ ಮರೆತ ಖಾತೆಗಳು ಹಾಗೇ ಹೋಗ್ತವೆ. ಮಗನ ಹಳೇ ಖಾತೆ ಏನಾದ್ರೂ ಇದ್ರೆ ವರ್ಷಕ್ಕೊಂದ್ಸಲ ಲಾಗಿನ್ ಆಗಿಡಿ.

ದುರ್ಗಿಗುಡಿ ರಿಪೇರಿ · ಜುಲೈ 9, ರಾತ್ರಿ 9.30

ಸರಿ, ಈಗ ಕೆಲಸಕ್ಕೆ ಇಳಿಯೋಣ. ನಾನಾಗಿದ್ದರೆ ಹೀಗೆ ಮಾಡ್ತೀನಿ.

ವಿಂಡೋಸ್‌ನಲ್ಲೇ ನಾಲ್ಕು ಬಳಕೆದಾರರನ್ನು ಮಾಡಿ: ನೀವು, ಯಜಮಾನರು, ಮಗ, ಮಾವ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರೊಳಗೆ ಇತರ ಬಳಕೆದಾರರು. ಪ್ರತಿಯೊಬ್ಬರಿಗೂ ಅವರದೇ ಪಿನ್. ಅತಿಥಿಗಳಿಗೆ ಅಂತ ಐದನೆಯದು, ಅದರಲ್ಲಿ ಬ್ರೌಸರ್ ಮತ್ತು ಪ್ರಿಂಟರ್ ಬಿಟ್ಟು ಏನೂ ಬೇಡ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿದರೆ ಬೀಗ. ಅಡ್ಮಿನಿಸ್ಟ್ರೇಟರ್ ಅಧಿಕಾರ ನಿಮ್ಮೊಬ್ಬರಿಗೇ ಇರಲಿ, ಉಳಿದವರು ಸ್ಟ್ಯಾಂಡರ್ಡ್.

ಆಮೇಲೆ ನಿಮ್ಮ ಲಾಗಿನ್ ಒಳಗೆ ಥಂಡರ್‌ಬರ್ಡ್ ಹಾಕಿ ನಿಮ್ಮ ಮೂರು ಖಾತೆ ಮಾತ್ರ ಸೇರಿಸಿ. ಅದು 2004ರಿಂದ ಇರೋ ಪ್ರೋಗ್ರಾಂ, ದುಡ್ಡಿಲ್ಲ, ಜಾಹೀರಾತಿಲ್ಲ. ಜಿಮೇಲ್ ಸೇರಿಸುವಾಗ ಗೂಗಲ್‌ನದೇ ಲಾಗಿನ್ ಕಿಟಕಿ ಬರುತ್ತೆ, ಅಲ್ಲಿ ಒಪ್ಪಿಗೆ ಕೊಟ್ಟರೆ ಆಯ್ತು. ಪಾಸ್‌ವರ್ಡ್ ಥಂಡರ್‌ಬರ್ಡಿಗೆ ಸಿಗೋದೇ ಇಲ್ಲ. ಹಳೇ ಪ್ರೋಗ್ರಾಂಗಳಲ್ಲಿ "ಪಾಸ್‌ವರ್ಡ್ ತಪ್ಪು" ಅಂತ ಬರ್ತಾ ಇದ್ದರೆ ಕಾರಣ ಇದೇ: ಬರೀ ಪಾಸ್‌ವರ್ಡ್ ಕೊಟ್ಟು ಒಳಬರೋದನ್ನ ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಔಟ್‌ಲುಕ್ ಡಾಟ್ ಕಾಮ್ 2024ರ ಸೆಪ್ಟೆಂಬರ್‌ನಲ್ಲಿ. ನಮ್ಮ ಅಂಗಡಿಗೆ ಆಗ ಬಂದವರೆಲ್ಲ ಪಾಸ್‌ವರ್ಡ್ ಮರೆತಿದ್ದೀವಿ ಅಂತಲೇ ಬರ್ತಿದ್ದರು. ಪಾಸ್‌ವರ್ಡ್ ಸರಿಯಾಗೇ ಇರ್ತಿತ್ತು.

ಮೂರು ಖಾತೆಯ ಇನ್‌ಬಾಕ್ಸ್ ಒಟ್ಟಿಗೆ ಕಾಣಬೇಕಾ, ಯೂನಿಫೈಡ್ ಫೋಲ್ಡರ್ಸ್ ಅಂತ ಇದೆ. ಆದರೆ ನನ್ನ ಸಲಹೆ, ಮೊದಲ ಎರಡು ತಿಂಗಳು ಅದನ್ನು ಹಾಕಬೇಡಿ. ಒಂದರ ಕೆಳಗೆ ಒಂದು ಬೇರೆ ಬೇರೆಯೇ ಕಾಣಲಿ. ಯಾವ ಪತ್ರ ಯಾವ ಮನೆಗೆ ಬಂತು ಅಂತ ಕಣ್ಣಿಗೆ ರೂಢಿಯಾಗಲಿ. ಪ್ರತಿ ಖಾತೆಗೂ ಸಹಿ ಹಾಕಿಡಿ. ಸಂಘದ ಖಾತೆಯಲ್ಲಿ "ಕಾರ್ಯದರ್ಶಿ" ಅಂತ, ಹೋಂಸ್ಟೇ ಖಾತೆಯಲ್ಲಿ ದಾರಿ, ಊಟದ ವಿವರ. ಬರೆಯೋಕೆ ಕಿಟಕಿ ತೆರೆದ ತಕ್ಷಣ ಕೆಳಗೆ ಸಹಿ ಕಾಣುತ್ತೆ. ಮೇಲಿನ ಫ್ರಮ್ ಸಾಲು ಯಾರೂ ನೋಡೋದಿಲ್ಲ, ಸಹಿ ತಪ್ಪಿದರೆ ಮಾತ್ರ ಕಣ್ಣು ಹಿಡಿಯುತ್ತೆ. ತಪ್ಪು ವಿಳಾಸದಿಂದ ಉತ್ತರ ಹೋಗೋದನ್ನ ತಡೆಯೋಕೆ ನಾನು ಕಂಡ ಹಾಗೆ ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಸಾಗರದ ಲೆಕ್ಕ · ಜುಲೈ 9, ರಾತ್ರಿ 9.48

ವಿಂಡೋಸ್ ಜೊತೆ ಬರುವ ಮೇಲ್ ಆ್ಯಪ್ ಸಾಲದೇ?

ದುರ್ಗಿಗುಡಿ ರಿಪೇರಿ · ಜುಲೈ 9, ರಾತ್ರಿ 10.02

ಹಳೇ ಮೇಲ್ ಆ್ಯಪ್ 2024ರ ಡಿಸೆಂಬರ್ 31ಕ್ಕೆ ಮುಗೀತು ಸರ್. ಅದರ ಜಾಗಕ್ಕೆ ಬಂದಿದ್ದು ಹೊಸ ಔಟ್‌ಲುಕ್. ಅದರಲ್ಲಿ ಜಿಮೇಲ್ ಅಥವಾ ಬೇರೆ ಕಡೆಯ ಖಾತೆ ಸೇರಿಸಿದರೆ ಆ ಮೇಲ್‌ಗಳ ಪ್ರತಿ ಮೈಕ್ರೋಸಾಫ್ಟ್ ಕ್ಲೌಡಿಗೆ ಸಿಂಕ್ ಆಗುತ್ತೆ, ಸೇರಿಸುವಾಗ ಒಪ್ಪಿಗೆಯನ್ನೂ ಕೇಳುತ್ತೆ. ಕೆಲವರಿಗೆ ಅದು ಅನುಕೂಲ. ನಿಮ್ಮ ಹಾಗೆ ಕಕ್ಷಿದಾರರ ಕಾಗದಪತ್ರ ಇಟ್ಟುಕೊಂಡವರು ಒಪ್ಪಿಗೆ ಕೊಡೋ ಮುಂಚೆ ಯೋಚಿಸಬೇಕು.

ಭದ್ರಾವತಿಯವ · ಜುಲೈ 9, ರಾತ್ರಿ 10.20

ಇಷ್ಟೆಲ್ಲಾ ಯಾಕೆ, ಎಲ್ಲಾ ಖಾತೆನೂ ಒಂದೇ ಜಿಮೇಲಿಗೆ ಫಾರ್ವರ್ಡ್ ಮಾಡಿದ್ರೆ?

ಸಾಗರದ ಲೆಕ್ಕ · ಜುಲೈ 9, ರಾತ್ರಿ 10.35

ನಾನು ಅದನ್ನು ಎರಡು ವರ್ಷ ಮಾಡಿ ಬಿಟ್ಟವನು. ಬರುವ ಪತ್ರವೇನೋ ಬರುತ್ತದೆ. ಕಳಿಸಿದ ಪತ್ರಗಳು ಒಂದೊಂದು ಒಂದೊಂದು ಕಡೆ ಉಳಿದು, ಯಾವ ಕಕ್ಷಿದಾರರಿಗೆ ಏನು ಉತ್ತರ ಕೊಟ್ಟೆ ಎಂದು ಹುಡುಕುವಷ್ಟರಲ್ಲಿ ಸಾಕಾಗುತ್ತಿತ್ತು. ಜೊತೆಗೆ 15 ಜಿಬಿ ಉಚಿತ ಜಾಗ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಇರುವುದು. ಎಲ್ಲವನ್ನೂ ಒಂದೇ ಕೊಟ್ಟಿಗೆಗೆ ತುಂಬಿದರೆ ಬೇಗ ಭರ್ತಿ, ಭರ್ತಿಯಾದ ಮೇಲೆ ಹೊಸ ಪತ್ರ ಒಳಗೇ ಬರುವುದಿಲ್ಲ. ಸಂಘದ ಖಾತೆಯನ್ನಂತೂ ಸ್ವಂತಕ್ಕೆ ಫಾರ್ವರ್ಡ್ ಮಾಡಲೇಬೇಡಿ. ನಾಳೆ ಕಾರ್ಯದರ್ಶಿ ಬದಲಾದಾಗ ಆ ಖಾತೆ ಕಳಿಸಿದ್ದು ಬಂದಿದ್ದು ಸಮೇತ ಇಡಿಯಾಗಿ ಮುಂದಿನವರ ಕೈಗೆ ಹೋಗಬೇಕು, ರಸೀದಿ ಪುಸ್ತಕ ಹೋದ ಹಾಗೆ.

ಕೊಪ್ಪದ ತೋಟ · ಜುಲೈ 10, ಬೆಳಗ್ಗೆ 6.10

ಮಳೆಗಾಲದ ವಿಷಯ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಪುನರ್ವಸು ಹಿಡಿದರೆ ಕರೆಂಟು ದಿನಗಟ್ಟಲೆ ಇಲ್ಲ. ನಿನ್ನೆ ಮರ ಬಿದ್ದು ಲೈನ್ ಹೋಗಿದ್ದು ಇನ್ನೂ ಬಂದಿಲ್ಲ, ಇದನ್ನ ಪೇಟೆಗೆ ಬಂದು ಬರೀತಾ ಇದ್ದೀನಿ. ಬ್ರೌಸರಿನಲ್ಲಿ ಮೇಲ್ ನೋಡುವವರಿಗೆ ಇಂಟರ್ನೆಟ್ ಹೋದರೆ ಎಲ್ಲವೂ ಹೋಯ್ತು. ಮೇಲ್ ಪ್ರೋಗ್ರಾಂ ಇದ್ದರೆ ಹಳೇ ಪತ್ರ ಎಲ್ಲ ಮನೆಯಲ್ಲೇ ಇರುತ್ತೆ, ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಓದಬಹುದು, ಉತ್ತರ ಬರೆಯಬಹುದು.

ನಾನು ಮಾಡಿಕೊಂಡಿರೋದು: ಥಂಡರ್‌ಬರ್ಡಿನಲ್ಲಿ ಪ್ರತಿ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ರೊನೈಸೇಶನ್ ಮತ್ತು ಸ್ಟೋರೇಜ್ ಅಂತ ಇದೆ. ಸ್ವಂತ ಖಾತೆಗೆ ಎಲ್ಲ ಮೇಲೂ ಕಂಪ್ಯೂಟರಿನಲ್ಲಿ ಇರಲಿ ಅಂತ ಕೊಟ್ಟಿದ್ದೀನಿ. ತೋಟದ ಔಷಧಿ ಅಂಗಡಿ, ಸೊಸೈಟಿಯವರ ಸುತ್ತೋಲೆ ಬರೋ ಖಾತೆಗೆ ಕೊನೆಯ 30 ದಿನದ್ದು ಸಾಕು. ಜಿಮೇಲ್ ಆದರೆ "ಆಲ್ ಮೇಲ್" ಅನ್ನೋ ಫೋಲ್ಡರಿನ ಸಿಂಕ್ ತೆಗೆದುಬಿಡಿ. ಇನ್‌ಬಾಕ್ಸಿನಲ್ಲಿ ಇರೋದೇ ಅದರಲ್ಲೂ ಇರುತ್ತೆ, ಒಂದೇ ಪತ್ರ ಎರಡೆರಡು ಸಲ ಇಳಿದು ಡೇಟಾ ಖಾಲಿ.

ಬರೆದ ಪತ್ರಕ್ಕೆ ಕಂಟ್ರೋಲ್, ಶಿಫ್ಟ್, ಎಂಟರ್ ಮೂರೂ ಒತ್ತಿದರೆ ಔಟ್‌ಬಾಕ್ಸಿನಲ್ಲಿ ಕೂರುತ್ತೆ. ಪೇಟೆಗೆ ಹೋದಾಗ ನೆಟ್ ಸಿಕ್ಕ ಮೇಲೆ "ಕಳಿಸದ ಪತ್ರ ಕಳಿಸು" ಅಂತ ಒತ್ತಿದರೆ ಸಾಲಾಗಿ ಹೋಗ್ತವೆ, ಒಂದೊಂದೂ ಅದರದರ ವಿಳಾಸದಿಂದಲೇ. ಅಡಿಕೆ ಮರದ ಎಲೆಚುಕ್ಕಿ ಫೋಟೋ ಕಳಿಸುವವರು ಗಮನಿಸಿ: ಜಿಮೇಲಿಗೆ 25 ಎಂಬಿ ಮಿತಿ, ಆದರೆ ಮೇಲ್‌ನಲ್ಲಿ ಹೋಗುವಾಗ ಫೈಲು ಮೂರನೇ ಒಂದು ಭಾಗದಷ್ಟು ಉಬ್ಬುತ್ತೆ. 18 ಎಂಬಿ ದಾಟದ ಹಾಗೆ ನೋಡಿಕೊಳ್ಳಿ.

ದುರ್ಗಿಗುಡಿ ರಿಪೇರಿ · ಜುಲೈ 10, ಬೆಳಗ್ಗೆ 9.00

ಕೊಪ್ಪದವರ ಮಾತು ನೂರಕ್ಕೆ ನೂರು ಸರಿ. ಸಿಡಿಲಿನ ಬಗ್ಗೆಯೂ ಸೇರಿಸ್ತೀನಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಆದರೆ ಆ ತಂತಿಯನ್ನೂ ಕೀಳಬೇಕು, ನೀವು ಹೇಳಿದ ಹಾಗೆ ಮೋಡೆಮ್ ಜೊತೆ ಕಂಪ್ಯೂಟರೂ ಸುಟ್ಟಿದ್ದು ಸಿಡಿಲು ಲ್ಯಾನ್ ಕೇಬಲ್ ಮೂಲಕ ದಾಟಿದ್ದರಿಂದ ಇರಬೇಕು. ಫೈಬರಿನ ಗಾಜಿನ ಎಳೆ ವಿದ್ಯುತ್ ಒಯ್ಯೋದಿಲ್ಲ, ಆದರೆ ಅದರ ಜೊತೆ ಹೆಣೆದ ಉಕ್ಕಿನ ತಂತಿ ಇದ್ದರೆ ಅದು ಒಯ್ಯುತ್ತೆ. ಲ್ಯಾನ್ ಬಿಟ್ಟು ವೈಫೈನಲ್ಲಿ ಬಳಸಿ.

ನಗರ ಹೋಬಳಿ ಮನೆ · ಜುಲೈ 13, ರಾತ್ರಿ 8.50

ಮೂರು ದಿನದಿಂದ ಕರೆಂಟು ಬಂದು ಹೋಗಿ ಮಾಡ್ತಾ ಇದೆ. ಆದದ್ದು ಹೇಳ್ತೀನಿ.

ನಾಲ್ಕು ಲಾಗಿನ್ ಮಾಡಿದೆ, ಅತಿಥಿಗಳದ್ದು ಐದನೆಯದು. ನನ್ನ ಮೂರು ಖಾತೆ ಥಂಡರ್‌ಬರ್ಡಿನಲ್ಲಿ, ಮೂರಕ್ಕೂ ಸಹಿ. ನಿನ್ನೆಯೇ ಸಂಘದ ಸಹಿ ಕೆಳಗೆ ಕಂಡು ಒಂದು ಹೋಂಸ್ಟೇ ಉತ್ತರವನ್ನು ತಡೆದೆ. ಮಗ ತನ್ನ ಪಿನ್ ತಾನೇ ಹಾಕಿಕೊಂಡ, ನನಗೆ ಹೇಳಲಿಲ್ಲ. ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಸಾಗರದವರ ಮಾತಿನಂತೆ ಜಿಎಸ್‌ಟಿ ಪ್ರೊಫೈಲ್ ನೋಡಿದರೆ ಮೊಬೈಲ್ ನಂಬರ್ ಹಿಂದೆ ನೋಂದಣಿ ಮಾಡಿಸಿಕೊಟ್ಟವರದ್ದೇ ಇತ್ತು. ಬದಲಾಯಿಸಿದ್ದಾಯ್ತು. ಯಜಮಾನರು ಈಗ ದಿನಾ ಸಂಜೆ ಕಾಫಿ ಹೊತ್ತಿಗೆ ಆ ಖಾತೆ ತೆಗೀತಾರೆ.

ಪಾಸ್‌ವರ್ಡ್ ಜೊತೆ ಒಂದು ಕೋಡನ್ನೂ ಕೇಳೋ ಎರಡು ಹಂತದ ಪರಿಶೀಲನೆ ಹಾಕಬೇಕು ಅಂತ ಮಗ ಹೇಳ್ತಾನೆ. ಗೇಟಿನ ಹತ್ತಿರ ಹೋಗಿ ನಿಂತರೆ ಮಾತ್ರ ಎಸ್‌ಎಂಎಸ್ ಬರೋ ಮನೆಗೆ ಅದು ಆಗುತ್ತಾ?

ಶಂಕರಘಟ್ಟ ಹಾಸ್ಟೆಲ್ · ಜುಲೈ 13, ರಾತ್ರಿ 9.15

ಆಗುತ್ತದೆ, ಮಾಡಲೇಬೇಕು. ಎಸ್‌ಎಂಎಸ್ ನಂಬಿ ಕೂರಬೇಡಿ. ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡರೆ ಅದು ಸಿಗ್ನಲ್ ಇಲ್ಲದೆಯೂ 30 ಸೆಕೆಂಡಿಗೊಂದು ಸಂಖ್ಯೆ ಕೊಡುತ್ತದೆ, ಅದಕ್ಕೆ ಬೇಕಾದದ್ದು ಫೋನಿನ ಗಡಿಯಾರ ಮಾತ್ರ. ಜೊತೆಗೆ ಗೂಗಲ್ 8 ಅಂಕಿಯ 10 ಬ್ಯಾಕಪ್ ಕೋಡ್ ಕೊಡುತ್ತದೆ. ಮುದ್ರಿಸಿ ಪಹಣಿ, ಪಾಸ್‌ಬುಕ್ ಇಡುವ ಪೆಟ್ಟಿಗೆಯಲ್ಲಿ ಇಡಿ. ಒಂದೊಂದು ಕೋಡೂ ಒಂದೇ ಸಲಕ್ಕೆ, ಬಳಸಿದ್ದನ್ನು ಗೀಟು ಹಾಕಿ ಹೊಡೆಯಿರಿ.

ದುರ್ಗಿಗುಡಿ ರಿಪೇರಿ · ಜುಲೈ 19, ಸಂಜೆ 7.30

ನಗರದ ಅಕ್ಕನವರಿಗೆ: ಡಿಸ್ಕ್ ಎದ್ದಿದೆ. ಬೋರ್ಡ್ ಮಾತ್ರ ಹೋಗಿತ್ತು. ನನಗೆ ಪರಿಚಯದ ಒಬ್ಬರು ಚಿಪ್ ಬದಲಾಯಿಸಿ ಕೊಟ್ಟರು. ಥಂಡರ್‌ಬರ್ಡ್ ತನ್ನ ಮೇಲ್ ಎಲ್ಲ ಇಡೋ ಪ್ರೊಫೈಲ್ ಫೋಲ್ಡರ್ ಪೂರ್ತಿ ಸಿಕ್ಕಿಲ್ಲ, ಕಳಿಸಿದ ಪತ್ರಗಳ ಫೈಲ್ ಅರ್ಧಕ್ಕೆ ಹರಿದಿದೆ. ಆದರೆ ಇನ್‌ಬಾಕ್ಸ್ ಸಿಕ್ಕಿದೆ, ಹೆಸರಿನ ಕೊನೆಗೆ .txt ಥರದ ಯಾವ ಬಾಲವೂ ಇಲ್ಲದ "ಇನ್‌ಬಾಕ್ಸ್" ಅನ್ನೋ ಹೆಸರಿನ ದೊಡ್ಡ ಫೈಲು. ಪೆನ್‌ಡ್ರೈವಿಗೆ ಹಾಕಿ ಯಜಮಾನರ ಕೈಲಿ ಕೊಟ್ಟಿದ್ದೀನಿ. ಮಾವನವರ ಲಾಗಿನ್‌ನಲ್ಲಿ ಥಂಡರ್‌ಬರ್ಡ್ ಮುಚ್ಚಿ, ಪ್ರೊಫೈಲ್ ಒಳಗೆ ಮೇಲ್, ಅದರೊಳಗೆ ಲೋಕಲ್ ಫೋಲ್ಡರ್ಸ್ ಅಂತ ಇರುತ್ತೆ, ಅಲ್ಲಿ ಹಾಕಿ. ಹೆಸರು ಮಾತ್ರ ಬದಲಾಯಿಸಿ, "ಹಳೆಯ ಪತ್ರಗಳು" ಅಂತ ಇಡಿ. ಆಮೇಲೆ ತೆರೆಯಿರಿ. ಪೆನ್‌ಡ್ರೈವ್ ಅಳಿಸಬೇಡಿ, ಬೇರೆ ಕಡೆ ಎತ್ತಿಡಿ.

ನಗರ ಹೋಬಳಿ ಮನೆ · ಜುಲೈ 20, ರಾತ್ರಿ 10.10

ಬಂತು. ಎಲ್ಲ ಬಂತು. ಎಣಿಸೋಕೆ ಹೋಗಲಿಲ್ಲ.

ಆದರೆ 2009, 2010ರ ಎಷ್ಟೋ ಪತ್ರಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣ್ತಾ ಇವೆ. ಫೈಲು ಕೆಟ್ಟಿದೆಯಾ?

ಶಂಕರಘಟ್ಟ ಹಾಸ್ಟೆಲ್ · ಜುಲೈ 20, ರಾತ್ರಿ 10.25

ಕೆಟ್ಟಿಲ್ಲ ಅಕ್ಕ. ಆ ಕಾಲದಲ್ಲಿ ಬಹಳ ಜನ "ನುಡಿ", "ಬರಹ" ಎನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದರು. ಅದರಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿರುತ್ತಾರೆ, ಫಾಂಟ್ ಇಲ್ಲದ ಕಂಪ್ಯೂಟರಿಗೆ ಇಂಗ್ಲಿಷೇ ಕಾಣುತ್ತದೆ. ಪತ್ರವನ್ನು ನಕಲು ಮಾಡಿ, ಹಳೆಯ ಫಾಂಟಿನ ಬರಹವನ್ನು ಈಗಿನ ಯುನಿಕೋಡ್ ಕನ್ನಡಕ್ಕೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಓದಲು ಬರುತ್ತದೆ. ಮೂಲ ಹಾಗೇ ಇರಲಿ. ಬೇಕಿದ್ದರೆ ನಾನು ಹೇಳಿಕೊಡುತ್ತೇನೆ. ಕಳಿಸಿದ ಪತ್ರಗಳು ಹರಿದಿವೆ ಎಂದರಲ್ಲ, ಅವುಗಳ ಇನ್ನೊಂದು ಪ್ರತಿ ಶಿಷ್ಯರ ಇನ್‌ಬಾಕ್ಸಿನಲ್ಲಿ ಇರುತ್ತದೆ. ಮೇಷ್ಟ್ರೇ ಕೇಳಿದರೆ ಹುಡುಕಿ ಕಳಿಸದೆ ಇರುತ್ತಾರೆಯೇ?

ನಗರ ಹೋಬಳಿ ಮನೆ · ಜುಲೈ 21, ಬೆಳಗ್ಗೆ 6.40

ಪರಿವರ್ತಕ ಬಳಸೋದು ಹೇಗೆ ಅಂತ ಅವರಿಗೇ ಹೇಳಿಕೊಡಿ, ನನಗಲ್ಲ. ನಿನ್ನೆ ರಾತ್ರಿ ಪಿನ್ ಹಾಕಬೇಕು ಅಂದಾಗ ನನ್ನನ್ನು ಆ ಕಡೆ ತಿರುಗು ಅಂದರು. ತಮ್ಮ ಪಂಚಾಂಗದ ಒಳಪುಟದಲ್ಲಿ ಬರೆದಿಟ್ಟುಕೊಂಡರು. ನಾನು ಮಲಗಲು ಹೋದಾಗ ಹನ್ನೊಂದೂವರೆ, ಜಗಲಿಯಲ್ಲಿ ಕೀಬೋರ್ಡ್ ಸದ್ದು ಕೇಳ್ತಾ ಇತ್ತು. ಈಗ ಎದ್ದು ನೋಡಿದರೆ ಮತ್ತೆ ಅಲ್ಲೇ ಕೂತಿದ್ದಾರೆ. ಪುಷ್ಯ ಮಳೆ ಹೊಯ್ತಾ ಇದೆ, ನೆಟ್ ಇಲ್ಲ. ಕೊಪ್ಪದವರು ಹೇಳಿದ ಆ ಮೂರು ಕೀ ಯಾವುದು ಅಂತ ಕೇಳ್ತಾ ಇದ್ದಾರೆ. ಇದನ್ನ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು ಬರೀತಾ ಇದ್ದೀನಿ, ಒಳಗೆ ಹೋಗಿ ತೋರಿಸಬೇಕು.